ಅದು ಹೆಂಡಿ ಹಾಕತೈತೇನು? ಡ್ರ್ಯಾಗನ್ ಸವಾರಿಗೆ ಕನ್ನಡ ಮಾತು ಹುಡುಕುತ್ತಾ

(ವಿಜಯಪುರದಲ್ಲಿ ಕಥೆ ಬರೆಯುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿನ ಬರಹ ರೂಪ)

ಮೊದಲು ನನ್ನ ಮರ್ಯಾದೆ ಹೋದ ಕಥೆ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೊಂದು ಕಥೆ ಬರೆದೆ. ಅದರಲ್ಲಿ ಬೆಂಕಿ ಉಗುಳುವ, ರೆಕ್ಕೆ ಇರುವ ಪ್ರಾಣಿ. ಅದರ ಮೇಲೆ ಕೂತು ಹಾರುವ ಜನ. ಡ್ರ್ಯಾಗನ್ ಅಂತ ಬರೆಯಲು ಮನಸ್ಸು ಒಪ್ಪಲಿಲ್ಲ. ನಿಘಂಟು ತೆಗೆದೆ. ಪ್ರಾಣಿಗೆ ‘ಅಗ್ನಿಪಕ್ಷೋರಗ’ ಎಂದು ಹೆಸರಿಟ್ಟೆ. ಏರುವವನು ‘ಉರಗಾರೋಹಿ’. ಕೂರುವ ಜಾಗ ‘ಪೃಷ್ಠಾಸನ’. ನಗಬೇಡಿ, ಆಗ ನನಗೆ ಅದು ಭಾರಿ ಚಂದ ಅನಿಸಿತ್ತು.

ಇಂಡಿ ಕಡೆ ನನ್ನ ಸೋದರಮಾವ ಇದ್ದಾರೆ. ಹುಟ್ಟಿದಾಗಿನಿಂದ ಎತ್ತುಗಳ ಜೊತೆಗೇ ಬದುಕಿದವರು. ಅವರ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಕೂತು ಕಥೆ ಓದಿದೆ. ಸುಮ್ನೆ ಕೇಳಿದರು. ‘ಪೃಷ್ಠಾಸನ’ ಬಂದಾಗ ಮಾತ್ರ ಒಮ್ಮೆ ಕೆಮ್ಮಿದರು. ಮುಗಿದ ಮೇಲೆ ಹೇಳಿದರು: “ಛಲೋ ಐತಿ ತಮ್ಮಾ. ಆದ್ರ ಅದು ಹೆಂಡಿ ಹಾಕತೈತೇನು? ಹಾಕಿದ್ರ ಬಳಿಯಾವ್ರು ಯಾರು? ಅವರು ಅದಕ್ಕ ಏನಂತಾರ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಕಥೆಯಲ್ಲಿ ನೂರು ಪ್ರಾಣಿಗಳಿದ್ದವು, ಒಂದೂ ಹೆಂಡಿ, ಅಂದರೆ ಸಗಣಿ, ಹಾಕಿರಲಿಲ್ಲ. ಲಾಯದಲ್ಲಿ ಕೆಲಸ ಮಾಡುವ ಒಬ್ಬ ಆಳೂ ಇರಲಿಲ್ಲ. ಹಾಗಿದ್ದ ಮೇಲೆ ಆ ಮಾತುಗಳನ್ನೆಲ್ಲ ಯಾರು ಹುಟ್ಟಿಸಿದರು? ನಾನೇ, ಮೇಜಿನ ಮುಂದೆ ಕೂತು. ಓದುವವರಿಗೆ ಅದು ಗೊತ್ತಾಗಿಬಿಡುತ್ತದೆ. ಪ್ರಾಣಿಯನ್ನು ಕಟ್ಟುವವನು, ತೊಳೆಯುವವನು, ಅದರಿಂದ ಒದೆ ತಿನ್ನುವವನು, ಇವರ ಬಾಯಲ್ಲಿ ಹುಟ್ಟಿದ ಮಾತನ್ನು ಮಾತ್ರ ನಾವು ನಂಬುತ್ತೇವೆ. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಮೊದಲು ಆ ಪ್ರಾಣಿಯ ಹೆಸರು. ಕನ್ನಡ ಬೈಬಲಿನಲ್ಲಿ ಡ್ರ್ಯಾಗನ್‌ಗೆ ‘ಘಟಸರ್ಪ’ ಎಂದಿದೆ. ಒಳ್ಳೆಯ ಪದ, ತೂಕ ಇದೆ. ಆದರೆ ದಿನಾ ಬೆಳಿಗ್ಗೆ ಎದ್ದು ಅದಕ್ಕೆ ಮೇವು ಹಾಕುವವನು “ಘಟಸರ್ಪಕ್ಕೆ ನೀರು ಕುಡಿಸಿದೆಯಾ?” ಎಂದು ಕೇಳುತ್ತಾನಾ? ನಮ್ಮ ಹಳ್ಳಿಗಳಲ್ಲಿ ಹಾವಿನ ವಿಷಯದಲ್ಲಿ ಜನ ಏನು ಮಾಡುತ್ತಾರೆ ನೆನಪಿಸಿಕೊಳ್ಳಿ. ಕತ್ತಲಾದ ಮೇಲೆ ಹಾವಿನ ಹೆಸರು ಎತ್ತುವುದಿಲ್ಲ. ‘ಹುಳ’ ಅನ್ನುತ್ತಾರೆ. ಹಾವು ಕಚ್ಚಿದರೆ “ಹುಳ ಮುಟ್ಟಿತು” ಅನ್ನುತ್ತಾರೆ. ಭಯ ಹೆಚ್ಚಾದಷ್ಟೂ ಹೆಸರು ಸಣ್ಣದಾಗುತ್ತದೆ. ಹಳೆಯ ಇಂಗ್ಲಿಷಿನಲ್ಲೂ ಇದೇ ಆಗಿದೆ. ಅವರ ‘ವಿರ್ಮ್’ ಎಂಬ ಪದ ಹುಳಕ್ಕೂ ಆಗುತ್ತಿತ್ತು, ಹಾವಿಗೂ ಆಗುತ್ತಿತ್ತು, ಡ್ರ್ಯಾಗನ್‌ಗೂ ಆಗುತ್ತಿತ್ತು. ಅವರು ನಮ್ಮನ್ನು ನೋಡಿ ಕಲಿಯಲಿಲ್ಲ, ನಾವು ಅವರನ್ನು ನೋಡಿ ಕಲಿಯಲಿಲ್ಲ. ಹೆದರುವ ಮನುಷ್ಯ ಎಲ್ಲ ಕಡೆಯೂ ಒಂದೇ ಥರ ಅಲ್ವಾ?

ಹಾಗಾಗಿ ನನ್ನ ಕಥೆಯಲ್ಲಿ ಈಗ ಅದು ‘ಹುಳ’. ಆಸ್ಥಾನದ ಕವಿ ಘಟಸರ್ಪ ಎಂದು ಪದ್ಯ ಬರೆಯುತ್ತಾನೆ, ಅದು ಅವನ ಹೊಟ್ಟೆಪಾಡು. ಲಾಯದವರಿಗೆ ಅದು ಹುಳ. ಒಂದೇ ಪ್ರಾಣಿಗೆ ಎರಡು ಹೆಸರು ಇಟ್ಟ ಕೂಡಲೇ ಯಾರು ದೂರ ನಿಂತವರು, ಯಾರು ಹತ್ತಿರ ಹೋಗುವವರು ಅಂತ ಬೇರೆ ಹೇಳಬೇಕಾಗಿಲ್ಲ.

ಒಂದೊಂದು ಹುಳಕ್ಕೂ ಸ್ವಂತ ಹೆಸರು ಬೇಕಲ್ಲ, ಅದರ ಬಗ್ಗೆ ಒಂದು ಮಾತು. ಇಲ್ಲೇ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. ನೀವೆಲ್ಲ ಚಿಕ್ಕವರಿದ್ದಾಗ ಅದನ್ನು ಹತ್ತಲು ಹೋಗಿ ಬೈಸಿಕೊಂಡವರೇ ಇರಬೇಕು. 1549ರಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಅದರ ಬಾಯಿ ನೋಡಿ: ಬಾಯಿ ತೆರೆದ ಸಿಂಹ, ಹಲ್ಲುಗಳ ನಡುವೆ ಸಿಕ್ಕಿಬಿದ್ದ ಆನೆ. ಆ ಬಾಯಿಂದ ಬೆಂಕಿ ಬರುತ್ತಿತ್ತು. ನಮ್ಮ ಊರಿಗೆ ಡ್ರ್ಯಾಗನ್ ಬೇಕಾದರೆ ಇದಕ್ಕಿಂತ ಹತ್ತಿರದ ನೆಂಟ ಸಿಗುವುದಿಲ್ಲ. ಆದರೆ ಅದರ ಹೆಸರಲ್ಲಿ ಸಿಂಹವೂ ಇಲ್ಲ, ಬೆಂಕಿಯೂ ಇಲ್ಲ. ‘ಮೈದಾನದ ಒಡೆಯ’, ಅಷ್ಟೇ. ಕಣ್ಣಿಗೆ ಕಾಣುವುದನ್ನು ಮತ್ತೆ ಹೆಸರಲ್ಲಿ ಯಾಕೆ ಹೇಳಬೇಕು? ರಾಜರು ಹೆಮ್ಮೆಗೆ ಹೆಸರಿಡುತ್ತಾರೆ. ರೈತರು ಬಣ್ಣ ನೋಡಿ ಇಡುತ್ತಾರೆ. ಕೆಂದ, ಕರಿಯ, ಮಾಸ. ದಂಡಿನ ಹುಳಕ್ಕೆ ಮೊದಲನೆಯ ಥರದ ಹೆಸರು ಕೊಡಿ, ಸಾಮಾನು ಹೊರುವ ಹುಳಕ್ಕೆ ಎರಡನೆಯದು. ‘ಜ್ವಾಲಾಮುಖಿ’, ‘ಅಗ್ನಿಜ್ವಾಲ’ ಥರದವನ್ನು ಪಟಾಕಿ ಅಂಗಡಿಗೆ ಬಿಟ್ಟುಬಿಡಿ.

ಈಗ ಅದನ್ನು ಏರುವವನು. ಇದು ನನಗೆ ತುಂಬ ಖುಷಿ ಕೊಟ್ಟ ಪದ, ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಕುದುರೆ ಏರುವವನು ರಾವುತ. ಆನೆ ನಡೆಸುವವನು ಮಾವುತ. ಹಾಗಾದರೆ ಹಾವು ಏರುವವನು? ‘ಹಾವುತ’. ನೋಡಿ, ನೀವೆಲ್ಲ ಒಮ್ಮೆಗೇ ತಲೆ ಆಡಿಸಿದಿರಿ. ಅರ್ಥ ಹೇಳುವ ಮೊದಲೇ ನಿಮಗೆ ಅದು ಹಳೆಯ ಪದ ಅನಿಸಿತು. ಆದರೆ ವ್ಯಾಕರಣ ಹಿಡಿದರೆ ಇದು ಶುದ್ಧ ತಪ್ಪು. ರಾವುತ ಬಂದದ್ದು ‘ರಾಜಪುತ್ರ’ದಿಂದ. ಮಾವುತ ಬಂದದ್ದು ‘ಮಹಾಮಾತ್ರ’ದಿಂದ. ಎರಡರಲ್ಲೂ ‘ಏರುವವನು’ ಎಂಬ ಅರ್ಥ ಕೊಡುವ ‘ವುತ’ ಅಂತ ಯಾವ ಪ್ರತ್ಯಯವೂ ಇಲ್ಲ. ಎರಡು ಬೇರೆ ಬೇರೆ ಪದ ಸವೆದು ಸವೆದು ಕೊನೆಗೆ ಒಂದೇ ಥರ ಕೇಳುವಂತಾದವು. ಆದರೆ ಜನ ಮೂಲ ನೋಡಿ ಮಾತಾಡುವುದಿಲ್ಲ, ಕಿವಿಗೆ ಕೇಳಿದ್ದನ್ನು ನೋಡಿ ಮಾತಾಡುತ್ತಾರೆ. ರಾವುತ, ಮಾವುತ ಗೊತ್ತಿರುವ ಊರಲ್ಲಿ ಮೂರನೆಯವನು ಬಂದರೆ ಅವನು ಹಾವುತನೇ. ತಪ್ಪು ಲೆಕ್ಕದಿಂದ ಸರಿಯಾದ ಪದ ಹುಟ್ಟುತ್ತದೆ. ಪಂಡಿತರು ಮಾಡಿದ ಪದಕ್ಕೂ ಜನ ಮಾಡಿದ ಪದಕ್ಕೂ ಇರುವ ವ್ಯತ್ಯಾಸ ಹೆಚ್ಚಾಗಿ ಇಲ್ಲೇ ಇರುತ್ತದೆ.

ಅದನ್ನು ಹಿಂದಕ್ಕೂ ತೆಗೆದುಕೊಂಡು ಹೋಗಬಹುದು. ಹಳಗನ್ನಡದಲ್ಲಿ ಹಾವು ‘ಪಾವು’ ಆಗಿತ್ತು. ಹಾಲು ‘ಪಾಲ್’, ಹೂವು ‘ಪೂ’. ನಿಮ್ಮ ಕಥೆಯ ಹುಡುಗಿ ಬಾದಾಮಿಯಂಥ ಊರಿನ ಬಂಡೆಯ ಮೇಲೆ ಒಂದು ಶಾಸನ ನೋಡುತ್ತಾಳೆ ಎನ್ನಿ. ಬಾದಾಮಿಯಲ್ಲೇ ಕಪ್ಪೆ ಅರಭಟ್ಟನ ಶಾಸನ ಇದೆಯಲ್ಲ, ಸುಮಾರು 700ನೇ ಇಸವಿಯದು, ಹಾಗೆ. ಅಲ್ಲಿ ಹಾವುತ ಅಂತ ಇದ್ದರೆ ಕೆಟ್ಟಿತು. ‘ಪಾವುತ’ ಅಂತ ಇರಬೇಕು. ಹುಡುಗಿ ಮೊದಲು ಓದಿ ಅರ್ಥವಾಗದೆ ನಿಲ್ಲುತ್ತಾಳೆ. ಆಮೇಲೆ ಅವಳ ನಾಲಿಗೆ ತಾನೇ ಪ ಬಿಟ್ಟು ಹ ಹಿಡಿಯುತ್ತದೆ. ಒಂದು ಅಕ್ಷರದಲ್ಲಿ ಸಾವಿರ ವರ್ಷ ಹಾದುಹೋಗುತ್ತದೆ. ಇದಕ್ಕೆ ನೀವು ಒಂದು ಅಧ್ಯಾಯ ಇತಿಹಾಸ ಬರೆಯಬೇಕಾಗಿಲ್ಲ.

ಮುಂದಕ್ಕೂ ಹೋಗಬಹುದು. ನಮ್ಮ ಕಡೆ ಸಿದ್ದಪ್ಪ ಸಿದ್ಯಾ ಆಗುತ್ತಾನೆ, ಬಸಪ್ಪ ಬಸ್ಯಾ ಆಗುತ್ತಾನೆ. ಹಾವುತ ಊರೊಳಗೆ ಬಂದರೆ ‘ಹಾವುತ್ಯಾ’. ಹೆಣ್ಣಾದರೆ ‘ಹಾವುತಿ’. ನಾಲ್ಕು ತಲೆಮಾರು ಕಳೆದ ಮೇಲೆ ಹುಳಗಳೆಲ್ಲ ಸತ್ತು, ಆ ಮನೆಯವರು ಕಿರಾಣಿ ಅಂಗಡಿ ಇಟ್ಟಿರುತ್ತಾರೆ. ಅಡ್ಡಹೆಸರು ಮಾತ್ರ ‘ಹಾವುತ’ ಎಂದೇ ಉಳಿದಿರುತ್ತದೆ. ಇದು ನಾನು ಕಟ್ಟಿದ್ದಲ್ಲ. ನಮ್ಮ ಭಾಗದಲ್ಲಿ ‘ಜೀನಗಾರ’ ಎಂಬ ಅಡ್ಡಹೆಸರು ಕೇಳಿದ್ದೀರಿ. ಜೀನು ಅಂದರೆ ಕುದುರೆಯ ಬೆನ್ನಿಗೆ ಹಾಕುವುದು, ಅದನ್ನು ಮಾಡುವವರು ಜೀನಗಾರರು. ಕುದುರೆ ದಂಡು ಹೋಯಿತು, ಹೆಸರು ಉಳಿಯಿತು.

ಜೀನಿನ ಮಾತು ಬಂತು, ಸಾಮಾನಿನ ಕಡೆ ಹೋಗೋಣ. ಜೀನು, ಲಗಾಮು, ರಿಕಾಪು, ಚಾಬೂಕು, ಸವಾರ: ಇವೆಲ್ಲ ಫಾರ್ಸಿ ಕಡೆಯಿಂದ ಬಂದ ಪದಗಳು. ಆದಿಲ್‌ಶಾಹಿಗಳ ಈ ಊರಿನಲ್ಲಿ ನಿಂತು ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಬ್ ಕುದುರೆಗಳು ಹಡಗಿನಲ್ಲಿ ಗೋವೆಗೆ ಬಂದು ಅಲ್ಲಿಂದ ಘಟ್ಟ ಹತ್ತಿ ಬರುತ್ತಿದ್ದವು. ಕುದುರೆಯ ಜೊತೆ ಅದನ್ನು ಬಲ್ಲವರು ಬಂದರು, ಅವರ ಜೊತೆ ಮಾತು ಬಂತು. ಆದರೆ ಕುದುರೆಯ ಬಾಲ ಬಾಲವಾಗಿಯೇ ಉಳಿಯಿತು, ಕಾಲು ಕಾಲಾಗಿಯೇ ಉಳಿಯಿತು. ಬಾಯಿಗೆ ಹಾಕುವುದಕ್ಕೆ ‘ಕಡಿವಾಣ’ ಎಂಬ ನಮ್ಮದೇ ಪದವೂ ಲಗಾಮಿನ ಪಕ್ಕ ಉಳಿದುಕೊಂಡಿತು. ಇದರಿಂದ ನಾನೊಂದು ಲೆಕ್ಕ ಹಾಕಿಕೊಂಡಿದ್ದೇನೆ. ನಿಮ್ಮ ಹುಳ ಎಲ್ಲಿಂದ ಬಂತು? ಹೊರಗಿನಿಂದ ಬಂದಿದ್ದರೆ ಸಾಮಾನಿನ ಹೆಸರು ಹೊರಗಿನದಿರಲಿ, ಮೈಯ ಹೆಸರು ಒಳಗಿನದಿರಲಿ. ಇದೇ ಗುಡ್ಡದಲ್ಲಿ ಮೊಟ್ಟೆ ಒಡೆದು ಬಂದಿದ್ದರೆ ಎಲ್ಲವೂ ಒಳಗಿನದೇ.

ಒಳಗಿನದು ಅಂದರೆ ಯಾವುದು? ಜೀನು ಬರುವ ಮೊದಲು ನಮ್ಮಲ್ಲಿ ‘ಹಲ್ಲಣ’ ಇತ್ತು, ಅದಕ್ಕೂ ಹಿಂದೆ ‘ಪಲ್ಲಣ’. ಅಲ್ಲಮಪ್ರಭುಗಳ ಒಂದು ವಚನದಲ್ಲಿ ಕೊಟ್ಟ ಕುದುರೆಯನ್ನು ಏರಲು ಅರಿಯದೆ ಮತ್ತೊಂದು ಕುದುರೆ ಬಯಸುವವರ ಮಾತು ಬರುತ್ತದೆ. ಕುದುರೆ ಏರುವುದು ಬಿಟ್ಟು ಮೂರು ಲೋಕವೂ ಹಲ್ಲಣವನ್ನು ತಾನೇ ಹೊತ್ತುಕೊಂಡು ತೊಳಲುತ್ತಿದೆ ಅನ್ನುತ್ತಾರೆ. ಅದನ್ನು ಓದಿದಾಗ ನನಗೆ ನನ್ನ ಪೃಷ್ಠಾಸನ ನೆನಪಾಗಿ ನಾಚಿಕೆಯಾಯಿತು. ಹಲ್ಲಣ ಮನೆಯಲ್ಲೇ ಇತ್ತು.

ಆದರೂ ನಾನು ಹಲ್ಲಣ ಬಳಸಲಿಲ್ಲ. ಕಾರಣ ಹೇಳುತ್ತೇನೆ. ನನ್ನ ಹುಳದ ಬೆನ್ನ ಮೇಲೆ ಸಾಲಾಗಿ ಮುಳ್ಳುಗಳಿವೆ. ಹಲ್ಲಣ ಹಾಕಲು ಜಾಗವೇ ಇಲ್ಲ. ಎರಡು ಮುಳ್ಳಿನ ಸಂದಿಯಲ್ಲಿ ಕಂಬಳಿ ಮಡಚಿ ಇಟ್ಟು ಕೂರಬೇಕು. ಹಾಗಾಗಿ ಕೂರುವ ಜಾಗದ ಹೆಸರೇ ‘ಸಂದಿ’ ಆಯಿತು. “ಯಾವ ಸಂದಿ ನಿಂದು?” “ಮೂರನೇ ಸಂದಿ.” ಮೊದಲ ಸಂದಿಯಲ್ಲಿ ಹಿರಿಯ ಹಾವುತ, ಕೊನೆಯದರಲ್ಲಿ ಹೊಸ ಹುಡುಗ. ಪ್ರಾಣಿಯ ಮೈ ನೋಡದೆ ಪದ ಕಟ್ಟಿದ್ದರೆ ಇದು ಸಿಗುತ್ತಿರಲಿಲ್ಲ. ಅವನನ್ನು ಬಿಗಿಯುವ ತೊಗಲಿನ ಹಗ್ಗಕ್ಕೆ ನಾನೇನೂ ಹೊಸ ಹೆಸರು ಕೊಡಲಿಲ್ಲ. ‘ಮಿಣಿ’ ಇದೆಯಲ್ಲ, ಸಾಕು.

ಇನ್ನು ಹಾರಾಟ. ಇಲ್ಲಿ ಸುಮಾರು ಜನ ಸೋಲುತ್ತಾರೆ. ನಾವು ಯಾವತ್ತೂ ಪ್ರಾಣಿಯ ಮೇಲೆ ಕೂತು ಹಾರಿಲ್ಲ, ಆ ಮಾತು ಎಲ್ಲಿಂದ ತರುವುದು ಅನ್ನುತ್ತಾರೆ. ನಾನು ಕೇಳುತ್ತೇನೆ: ನಾಗಪಂಚಮಿ ದಿನ ನೀವೇನು ಮಾಡುತ್ತೀರಿ? ಬೆಳಿಗ್ಗೆ ನಾಗಪ್ಪನಿಗೆ ಹಾಲು ಎರೆಯುತ್ತೀರಿ. ಶೇಂಗಾ ಉಂಡಿ ತಿನ್ನುತ್ತೀರಿ. ಆಮೇಲೆ ಗಿಡಕ್ಕೆ ಜೋಕಾಲಿ ಕಟ್ಟಿ ಹಾರುತ್ತೀರಿ. ಹಾವು ಮತ್ತು ಹಾರಾಟ ಒಂದೇ ಹಬ್ಬದಲ್ಲಿ! ಇಷ್ಟು ವರ್ಷ ಆಡಿದರೂ ನನಗೆ ಇದು ಹೊಳೆದಿರಲಿಲ್ಲ. ಜೋಕಾಲಿಯ ಮೇಲೆ ನಿಂತು ಮೊಣಕಾಲು ಮಡಚಿ ಒತ್ತು ಕೊಡುತ್ತೀರಲ್ಲ, ಅದಕ್ಕೇನು ಅನ್ನುತ್ತೇವೆ? ‘ಜೀಕುವುದು’. ಹುಳ ರೆಕ್ಕೆ ಬಡಿದು ಮೇಲೇರುವುದಕ್ಕೆ ಇದಕ್ಕಿಂತ ಒಳ್ಳೆಯ ಕ್ರಿಯಾಪದ ನನಗೆ ಗೊತ್ತಿಲ್ಲ. ರೆಕ್ಕೆ ಬಡಿದಾಗೊಮ್ಮೆ ಸವಾರನೂ ಮೈ ಕೊಡಬೇಕು, ಇಲ್ಲದಿದ್ದರೆ ಸೊಂಟ ಹೋಗುತ್ತದೆ. ಜೋಕಾಲಿ ಮೇಲಿನಿಂದ ಕೆಳಗೆ ಬರುವಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತದಲ್ಲ, ಅದನ್ನು ವರ್ಣಿಸಲು ಹೋಗಬೇಡಿ. “ಹುಳ ಜೀಕಿತು” ಎಂದು ಬರೆಯಿರಿ. ಪಂಚಮಿ ಆಡಿದವರ ಹೊಟ್ಟೆಗೆ ಅದು ತಾನೇ ತಿಳಿಯುತ್ತದೆ.

ಗಾಳಿಪಟವೂ ಇದೆ. ಪಟದ ಬಾಲಕ್ಕೆ ‘ಬಾಲಂಗೋಚಿ’ ಅನ್ನುತ್ತೇವೆ. ಯಾರ ಹಿಂದೋ ಅಂಟಿಕೊಂಡು ತಿರುಗುವವನಿಗೂ ಅದೇ ಮಾತು. ಕೊನೆಯ ಸಂದಿಯ ಹೊಸ ಹುಡುಗನಿಗೆ ಬೇರೆ ಹೆಸರು ಬೇಕಾ? ಅವನು ಬಾಲಂಗೋಚಿ. ಮಿಣಿ ಹರಿದು ಬಿದ್ದವನು ‘ಸೂತ್ರ ಹರಿದವನು’. ಈ ಎರಡೂ ಮಾತಿನಲ್ಲಿ ನಾನು ಒಂದಕ್ಷರವನ್ನೂ ಕಟ್ಟಿಲ್ಲ. ಜನ ಹೊಸ ವಸ್ತು ಬಂದಾಗ ಹೊಸ ಪದ ಕಟ್ಟುವುದು ಕಡಿಮೆ, ಹಳೆಯ ಪದವನ್ನು ಎತ್ತಿ ಅದರ ಮೇಲೆ ಇಡುವುದೇ ಹೆಚ್ಚು. ಚಕ್ಕಡಿಗೆ ಇದ್ದ ‘ಗಾಡಿ’ ಇವತ್ತು ನಿಮ್ಮ ಬೈಕಿಗೆ ಬಂದಿಲ್ವಾ? ದೇವತೆಗಳು ಓಡಾಡುತ್ತಿದ್ದ ‘ವಿಮಾನ’ದಲ್ಲಿ ಈಗ ನಾವು ಬೆಂಗಳೂರಿಗೆ ಹೋಗುತ್ತೇವೆ. ಪಟ್ಟದಕಲ್ಲಿನ ಗುಡಿಗಳ ಮೇಲಿರುವುದೂ ವಿಮಾನವೇ. ಅದು ಮಾತ್ರ ಹಾರುವುದಿಲ್ಲ.

ಹಾರುವಾಗ ಹುಳದ ಜೊತೆ ಮಾತಾಡುವುದು ಹೇಗೆ? ಬೈಕಿನಲ್ಲಿ ಹಿಂದೆ ಕೂತವರ ಮಾತು ಮುಂದಿನವರಿಗೆ ಹೇಗೆ ಕೇಳುತ್ತದೆ ಯೋಚಿಸಿ. ಸ, ಶ, ತ ಎಲ್ಲ ಗಾಳಿಗೆ ಹಾರಿಹೋಗುತ್ತವೆ. ಉಳಿಯುವುದು ಆ, ಓ, ಏ ಮಾತ್ರ. ಹೊಲದಲ್ಲಿ ಎತ್ತಿಗೆ ಕೂಗುವುದೂ ಹೀಗೇ ಬಾಯಿ ತೆರೆದ ಕೂಗುಗಳು. ಹಾಗಾಗಿ “ಅವತರಿಸು!” ಎಂದು ಕಿರುಚುವ ನಾಯಕ ನೆಲ ಮುಟ್ಟುವುದಿಲ್ಲ. “ಹೋ…ಓ!” ಅನ್ನುವವನು ಇಳಿಯುತ್ತಾನೆ. ಇನ್ನೂ ಒಳ್ಳೆಯದೆಂದರೆ ಮಾತೇ ಬೇಡ. ಮಾವುತರನ್ನು ನೋಡಿ, ಆನೆಯ ಕಿವಿಯ ಹಿಂದೆ ಕಾಲ್ಬೆರಳು ಒತ್ತಿಯೇ ಅರ್ಧ ಕೆಲಸ ಮುಗಿಸುತ್ತಾರೆ. ನನ್ನ ಹಾವುತರು ಅದಕ್ಕೆ ‘ಕಾಲ್ಮಾತು’ ಅನ್ನುತ್ತಾರೆ. “ಅವನಿಗೆ ಕಾಲ್ಮಾತು ಬರುವುದಿಲ್ಲ” ಅಂದರೆ ಅದು ಅವರಲ್ಲಿ ದೊಡ್ಡ ಬೈಗುಳ.

ಈಗ ಮಾವನ ಪ್ರಶ್ನೆಗೆ ಬರುತ್ತೇನೆ. ಬಿಟ್ಟೆ ಅಂದುಕೊಂಡಿರಾ?

ಕನ್ನಡದಲ್ಲಿ ಈ ವಿಷಯದಲ್ಲಿ ಬಡತನ ಇಲ್ಲ. ದನದ್ದು ಸಗಣಿ, ನಮ್ಮ ಕಡೆ ಹೆಂಡಿ. ಕುದುರೆ ಮತ್ತು ಆನೆಯದು ಲದ್ದಿ. ಆಡು, ಕುರಿ, ಹಕ್ಕಿಯದು ಹಿಕ್ಕೆ. ಯಾರೂ ಕುದುರೆ ಸಗಣಿ ಅನ್ನುವುದಿಲ್ಲ, ಅಂದರೆ ಅವನು ಪೇಟೆಯವನು ಅಂತ ತಿಳಿಯುತ್ತದೆ. ಹಾಗಾದರೆ ಹುಳದ್ದು? ಹುಳ ಕುರಿ ತಿನ್ನುತ್ತದೆ, ಹೊಟ್ಟೆಯಲ್ಲಿ ಬೆಂಕಿ ಇದೆ. ಅದು ಹಾಕುವುದು ಬಿಸಿ, ಒಣಗಿದ್ದು, ಅರ್ಧ ಸುಟ್ಟದ್ದು. ಕುಳ್ಳು ತಟ್ಟುವ ಕೆಲಸವೇ ಇಲ್ಲ, ಅದೇ ಕುಳ್ಳಾಗಿ ಬೀಳುತ್ತದೆ. ಲಾಯದ ಹೆಂಗಸರು ಅದಕ್ಕೆ ‘ಸುಡುಲದ್ದಿ’ ಅನ್ನುತ್ತಾರೆ. ಕಬ್ಬಿಣದ ಸಲಿಕೆಯಲ್ಲೇ ಎತ್ತಬೇಕು, ಬುಟ್ಟಿ ನಡೆಯುವುದಿಲ್ಲ. ಮನೆಗೆ ಒಯ್ದರೆ ಒಲೆಗೆ ಆಗುತ್ತದೆ. ಹಾಗಾಗಿ ಅದಕ್ಕೆ ಬೆಲೆ ಇದೆ, ಬೆಲೆ ಇದ್ದ ಮೇಲೆ ಜಗಳ ಇದೆ. ಇಷ್ಟು ಬರೆದ ಮೇಲೆ ನನ್ನ ಕಥೆಯ ಮುಖ್ಯ ಪಾತ್ರವೇ ಬದಲಾಯಿತು. ಮೊದಲು ಅವನೊಬ್ಬ ರಾಜಕುಮಾರ ಇದ್ದ. ಈಗ ಸುಡುಲದ್ದಿ ಬಳಿಯುವ ಒಬ್ಬ ಹುಡುಗಿ ಇದ್ದಾಳೆ. ಒಂದು ಪದ ಹುಡುಕಲು ಹೋಗಿ ಒಬ್ಬ ಮನುಷ್ಯಳು ಸಿಕ್ಕಿದಳು. ಮಾವನಿಗೆ ಇದನ್ನು ಹೇಳಿದಾಗ “ಈಗ ನೆಟ್ಟಗಾತು” ಅಂದರು. ಅಷ್ಟು ಹೊಗಳಿಕೆ ಅವರಿಂದ ನಾನು ಅದಕ್ಕೆ ಮೊದಲೂ ಪಡೆದಿಲ್ಲ, ಆಮೇಲೂ ಪಡೆದಿಲ್ಲ.

ಇನ್ನೊಂದು ಪರೀಕ್ಷೆ ಇದೆ. ಸವಾರಿ ನಿಜವಾಗಿ ಇರುವ ನಾಡಿನಲ್ಲಿ ಸವಾರಿಯ ಮಾತು ಸವಾರಿ ಮಾಡದವರ ಬಾಯಿಗೂ ಹೋಗಿಬಿಡುತ್ತದೆ. ನಮ್ಮಲ್ಲಿ ಕುದುರೆ ಮುಟ್ಟಿ ನೋಡಿದವರು ಎಷ್ಟು ಜನ? ಆದರೂ “ಕುದುರೆ ಕಂಡರೆ ಕಾಲುನೋವು” ಅನ್ನುತ್ತೇವೆ. ಬೆಲೆ ಏರಿಕೆಗೆ ಕಡಿವಾಣ ಹಾಕುತ್ತೇವೆ, ಬಾಯಿಗೆ ಲಗಾಮು ಹಾಕುತ್ತೇವೆ. ಮದುವೆ ನಿಶ್ಚಯವಾದವನಿಗೆ ಮೂಗುದಾರ ಬಿತ್ತು ಅನ್ನುತ್ತೇವೆ. ನಿಮ್ಮ ಕಥೆಯಲ್ಲಿ ಹುಳ ಏರದ ಒಬ್ಬ ಅಜ್ಜಿ ಇರಲಿ. ಮೊಮ್ಮಗ ಕೆಲಸ ತಪ್ಪಿಸಿಕೊಂಡರೆ ಅವಳು “ಸಂದಿ ಸಿಗೂತನಾ ಹಾರೂ ಮಾತು” ಎಂದು ಬೈಯಲಿ. ಆಗ ಓದುಗರು ಹುಳವನ್ನು ನೋಡದಿದ್ದರೂ ನಂಬುತ್ತಾರೆ.

ಎಚ್ಚರಿಕೆ ಒಂದೇ: ಉಪ್ಪಿನ ಥರ ಬಳಸಿ. ನನ್ನ ಕಥೆಯಲ್ಲಿ ಈಗ ಹೊಸ ಪದ ಅಂತ ಎಣಿಸಿದರೆ ಹಾವುತ, ಕಾಲ್ಮಾತು, ಸುಡುಲದ್ದಿ, ಮೂರೇ. ಉಳಿದದ್ದೆಲ್ಲ ಹಳೆಯ ಪದಕ್ಕೆ ಹೊಸ ಕೆಲಸ. ಕಥೆಯ ಕೊನೆಗೆ ಪದಕೋಶ ಹಾಕುವ ಆಸೆ ಬಂದರೆ ಎಲ್ಲೋ ತಪ್ಪಿದೆ ಅಂತ ತಿಳಿಯಿರಿ. ಒಂದು ತುಣುಕು ಓದುತ್ತೇನೆ. ಹಿರಿಯ ಹಾವುತ ಮತ್ತು ಹೊಸ ಹುಡುಗ:

“ಮಿಣಿ ಬಿಗದಿಯೇನಲೇ?”

“ಬಿಗದೇನ್ರಿ ಕಾಕಾ.”

“ಸಂದ್ಯಾಗ ಕಂಬಳಿ?”

“ಹಾಕೇನ್ರಿ.”

“ಹಂಗಾರ ಏರು. ಹುಳಾ ಜೀಕಾಕ ಹತ್ತಿದ ಮ್ಯಾಲ ಕೆಳಗ ನೋಡಬ್ಯಾಡ. ಬಾಲಂಗೋಚಿ ಅಳತಾನ ಅಂತ ನಾ ಇಳಸೂದಿಲ್ಲ.”

ಇದರಲ್ಲಿ ಯಾವುದಾದರೂ ಪದಕ್ಕೆ ಅರ್ಥ ಕೇಳಬೇಕು ಅನಿಸಿತಾ? ಇಲ್ಲ ಅಂತ ತಲೆ ಆಡಿಸುತ್ತಿದ್ದೀರಿ. ಸರಿ.

ಆ ಕಡೆ ಕೂತ ಹುಡುಗ ಕೈ ಎತ್ತಿದ. ಹುಳ ಸತ್ತರೆ ಏನನ್ನುತ್ತಾರೆ ಅಂತ ಕೇಳುತ್ತಿದ್ದಾನೆ. ಒಳ್ಳೆಯ ಪ್ರಶ್ನೆ, ನಾನೂ ಅದರಲ್ಲಿ ಬಹಳ ದಿನ ಸಿಕ್ಕಿಕೊಂಡಿದ್ದೆ. ‘ಸತ್ತಿತು’ ಎಂದು ಹಾವುತ ಹೇಳಲಾರ. ಎತ್ತು ಸತ್ತಾಗ ನನ್ನ ಮಾವನೂ ಹೇಳಲಿಲ್ಲ, “ಕೆಂದ ಹೋತು” ಅಂದರು, ಎರಡು ದಿನ ಊಟ ಬಿಟ್ಟರು. ಕೊನೆಗೆ ಪದ ಸಿಕ್ಕಿದ್ದು ಮನೆಯಲ್ಲೇ. ನಮ್ಮ ಅವ್ವ ದೇವರ ಮುಂದಿನ ದೀಪ ಆರಿಸು ಎಂದು ಯಾವತ್ತೂ ಹೇಳಿದವಳಲ್ಲ. “ದೀಪ ಶಾಂತ ಮಾಡು” ಅನ್ನುತ್ತಿದ್ದಳು. ಹುಳದ ಒಳಗೂ ಒಂದು ಬೆಂಕಿ ಇದೆಯಲ್ಲ. ನನ್ನ ಕಥೆಯಲ್ಲಿ ಆ ಹುಡುಗಿ ಒಂದು ಬೆಳಿಗ್ಗೆ ಸಲಿಕೆ ಹಿಡಿದು ಲಾಯಕ್ಕೆ ಹೋಗುತ್ತಾಳೆ. ಲದ್ದಿ ತಣ್ಣಗಿರುತ್ತದೆ. ಹೊರಗೆ ಬಂದು ಹಿರಿಯ ಹಾವುತನಿಗೆ ಅಷ್ಟೇ ಹೇಳುತ್ತಾಳೆ: “ಕಾಕಾ, ಹುಳಾ ಶಾಂತ ಆಗೇತ್ರಿ.”